ಬೆಣಚುಕಲ್ಲು ಒಡೆದವರು

ನಮ್ಮ ನಾಡಿನ ಚಿನ್ನದ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ರಾಜರ ಗದ್ಯಾಣ, ವರಹಗಳ ಬಗ್ಗೆ ಬರೆದರು. ದೇವರ ಕಿರೀಟದ ತೂಕ ಬರೆದರು. ಕೋಲಾರದ ಕಂಪನಿಗಳ ಲಾಭದ ಪಟ್ಟಿ ಬರೆದರು. ಆದರೆ ಚಿನ್ನ ಅನ್ನೋದು ನೆಲದೊಳಗೆ ಗಟ್ಟಿಗಟ್ಟಿಯಾಗಿ ಬಿದ್ದಿರೋದಿಲ್ಲ. ಬೆಣಚುಕಲ್ಲಿನೊಳಗೆ, ಬಹುಪಾಲು ಕಣ್ಣಿಗೂ ಕಾಣದಷ್ಟು ಸಣ್ಣ ಕಣವಾಗಿ ಅಡಗಿರುತ್ತದೆ. ಆ ಕಲ್ಲನ್ನು ಬಂಡೆಯಿಂದ ಬಿಡಿಸಬೇಕು, ಮೇಲಕ್ಕೆ ಹೊರಬೇಕು, ಹಿಟ್ಟಿನ ಹಾಗೆ ಕುಟ್ಟಬೇಕು, ನೀರಿನಲ್ಲಿ ಜಾಲಿಸಬೇಕು. ಆಮೇಲೆ ರಾಜನ ಕೈಗೆ ವರಹ. ಈ ನಡುವಿನ ಕೆಲಸದ ಚರಿತ್ರೆಯನ್ನು ನಾವು ಶಾಲೆಯಲ್ಲಿ ಓದಲಿಲ್ಲ. ನಮಗೆ ಪಾಠ ಹೇಳಿದ ಮೇಷ್ಟ್ರಿಗೂ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ಕೋಲಾರದ ಗಣಿಗಳಿಂದ 1880ರ ದಶಕದಿಂದ 2001ರವರೆಗೆ ತೆಗೆದ ಕಲ್ಲು ಸುಮಾರು 5 ಕೋಟಿ 10 ಲಕ್ಷ ಟನ್. ಸಿಕ್ಕ ಚಿನ್ನ ಸುಮಾರು 800 ಟನ್. ಅಂದರೆ 8 ಗ್ರಾಮಿನ ಒಂದು ಸವರನ್ನಿಗೆ 500 ಕೆಜಿಗೂ ಮಿಕ್ಕಿ ಕಲ್ಲು. ನಾಲ್ಕು ಗ್ರಾಮಿನ ಒಂದು ತಾಳಿ ಕಟ್ಟಿದರೆ ಅದರ ಹಿಂದೆ ಎರಡೂವರೆ ಕ್ವಿಂಟಲ್ ಕಲ್ಲು ಇದೆ. ಇದು ಲೋಕದಲ್ಲೇ ಸಿರಿವಂತ ಅನ್ನಿಸಿಕೊಂಡ ಗಣಿಯ ಲೆಕ್ಕ. ಉಳಿದ ಕಡೆ ಇನ್ನೂ ಹೆಚ್ಚು.

ಬೆಣಚುಕಲ್ಲು ಗೊತ್ತಿಲ್ಲದ ಹಳ್ಳಿ ಹುಡುಗರಿಲ್ಲ. ಹೊಲ ಉಳುವಾಗ ನೇಗಿಲಿಗೆ ಅಡ್ಡ ಬಂದು ಕುಳ ಮೊಂಡು ಮಾಡುವ ಬಿಳಿ ಕಲ್ಲು ಅದೇ. ಕತ್ತಲಲ್ಲಿ ಎರಡು ತುಂಡು ಹಿಡಿದು ಗಟ್ಟಿಯಾಗಿ ಉಜ್ಜಿದರೆ ಒಳಗೆ ಬೆಳಕು ಮಿನುಗುತ್ತೆ. ದನ ಕಾಯುವಾಗ ನಾವೆಲ್ಲ ಆಡಿದ ಆಟ. ಚಾಕುವಿನಿಂದ ಅದರ ಮೇಲೆ ಗೀರಿ ನೋಡಿ, ಕಲ್ಲಿಗೆ ಗೀರು ಬೀಳಲ್ಲ. ಚಾಕುವಿನ ಕಬ್ಬಿಣವೇ ಸವೆದು ಕಪ್ಪು ಗೆರೆಯಾಗಿ ಕಲ್ಲಿನ ಮೇಲೆ ಕೂರುತ್ತೆ. ಇಂಥ ಕಲ್ಲನ್ನು ಕೈಯ ಉಪಕರಣದಿಂದ, ನೂರಾರು ಅಡಿ ಆಳದಲ್ಲಿ, ದೀಪದ ಬೆಳಕಿನಲ್ಲಿ ಒಡೆದು ತಂದರು ಅಂದರೆ ಏನರ್ಥ? ಅದನ್ನೇ ಇಲ್ಲಿ ವಿಚಾರ ಮಾಡಬೇಕಾಗಿದೆ.

ಭೂಮಿಯೊಳಗಿನ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಹರಿದು, ತಣಿಯುತ್ತ ತಣಿಯುತ್ತ ತನ್ನೊಳಗೆ ಕರಗಿದ್ದ ಸಿಲಿಕಾವನ್ನು ಅಲ್ಲೇ ಬಿಟ್ಟು ಬಿರುಕು ತುಂಬಿತು. ಅದೇ ಬೆಣಚಿನ ಎಳೆ. ಆ ನೀರಿನ ಜೊತೆ ಚಿನ್ನವೂ ಬಂದಿದ್ದರೆ ಉಂಟು, ಇಲ್ಲದಿದ್ದರೆ ಬರೀ ಕಲ್ಲು. ಒಂದೇ ಗುಡ್ಡದಲ್ಲಿ ಹತ್ತಾರು ಎಳೆ ಇರುತ್ತವೆ. ಯಾವುದು ಬರಡು, ಯಾವುದು ಫಲದ್ದು ಎಂದು ಹೇಳುವವರು ಬೇಕಲ್ಲ? ಹಾಲಿನಂತೆ ಬೆಳ್ಳಗಿರುವ ಬೆಣಚು ಸಾಮಾನ್ಯವಾಗಿ ಬರಡು. ಕೋಲಾರದ ಫಲದ ಕಲ್ಲು ನೀಲಿ ಬೂದು ಬಣ್ಣದ್ದು. ಮೇಲ್ಮೈಯಲ್ಲಿ ತುಕ್ಕಿನ ಬಣ್ಣದ ಕಲೆ, ತೂತು ತೂತು ಇದ್ದರೆ ಅಲ್ಲಿ ಲೋಹದ ಅಂಶ ಕೊಳೆತು ಹೋಗಿದೆ ಎಂಬ ಸುಳಿವು. ಒಂದು ಹಿಡಿ ಕುಟ್ಟಿ, ನೀರಿನಲ್ಲಿ ತೇಲಿಸಿ, ತಳದಲ್ಲಿ ಉಳಿದದ್ದನ್ನು ಕಣ್ಣಿಟ್ಟು ನೋಡಬೇಕು. ಈ ವಿದ್ಯೆಗೆ ತಾಳೆಗರಿ ಇಲ್ಲ, ಗುರುಕುಲ ಇಲ್ಲ. ಕಣ್ಣು, ಕೈ, ಉಗುರಿನ ಸಂದಿನ ಮಣ್ಣು, ಇಷ್ಟೇ.

ಎಳೆ ಸಿಕ್ಕ ಮೇಲೆ ಬಿಡಿಸುವುದು. ನೇರವಾಗಿ ಬೆಣಚಿನ ಮೇಲೆ ಸುತ್ತಿಗೆ ಹಾಕಿದರೆ ತೋಳು ಹೋದೀತೇ ಹೊರತು ಕಲ್ಲು ಬರೋದಿಲ್ಲ. ಎಳೆಯ ಪಕ್ಕದ ಬಂಡೆ ಅದಕ್ಕಿಂತ ಮೆತ್ತಗಿರುತ್ತೆ. ಮೊದಲು ಅದನ್ನು ಉಳಿಯಿಂದ ಕಡಿದು ಎಳೆಯ ಮಗ್ಗುಲಲ್ಲಿ ಖಾಲಿ ಜಾಗ ಮಾಡಬೇಕು. ಆಮೇಲೆ ಬೆಣಚಿನ ಬಿರುಕು ಎಲ್ಲಿದೆ ಎಂದು ತಟ್ಟಿ ಸದ್ದು ಕೇಳಿ, ಅಲ್ಲಿಗೆ ಕಬ್ಬಿಣದ ಬೆಣೆ ಕೊಟ್ಟು ಹೊಡೆದರೆ ಎಳೆಯ ತುಂಡು ಖಾಲಿ ಜಾಗಕ್ಕೆ ಬೀಳುತ್ತೆ. ಉಳಿಯ ಮೊನೆ ಬೇಗ ಮೊಂಡಾಗುತ್ತೆ. ಬೇಸಾಯಗಾರ ಕುಳ ತಟ್ಟಿಸುವ ಹಾಗೆ ಇಲ್ಲೂ ಉಳಿಯನ್ನು ಮತ್ತೆ ಮತ್ತೆ ಕುಲುಮೆಗೆ ಕೊಡಬೇಕು. ಗಣಿಗೆ ಕಮ್ಮಾರ ಬೇಕು, ಕಮ್ಮಾರನಿಗೆ ಇದ್ದಿಲು ಬೇಕು, ಇದ್ದಿಲಿಗೆ ಕಾಡು ಕಡಿಯುವವರು ಬೇಕು. ಒಬ್ಬ ರಾಜ ಚಿನ್ನ ತೆಗೆದ ಅಂತ ಒಂದು ಸಾಲಿನಲ್ಲಿ ಬರೆದು ಮುಗಿಸುವವರು ಇದನ್ನೆಲ್ಲ ಎಲ್ಲಿ ನೋಡ್ತಾರೆ?

ಉಳಿ, ಬೆಣೆಗೂ ಬಗ್ಗದ ಕಡೆ ಬೆಂಕಿ. ಎಳೆಯ ಮುಖಕ್ಕೆ ಸೌದೆ ಒಟ್ಟಿ ಉರಿಸುತ್ತಿದ್ದರು. ಈಗಿನ ವಿಜ್ಞಾನ ಹೇಳುತ್ತದೆ: 573 ಡಿಗ್ರಿ ಸೆಂಟಿಗ್ರೇಡ್ ಕಾವು ತಾಗಿದಾಗ ಬೆಣಚಿನ ಹರಳಿನ ಕಟ್ಟು ಬದಲಾಗುತ್ತದೆ, ಕಲ್ಲು ತಟ್ಟನೆ ಹಿಗ್ಗುತ್ತದೆ. ಮೇಲಿನ ಪದರ ಹಿಗ್ಗಿ ಒಳಗಿನದು ಹಿಗ್ಗದೆ ಉಳಿದಾಗ ಕಲ್ಲು ತಾನಾಗಿ ಬಿರುಕು ಬಿಡುತ್ತದೆ. ಅದರ ಮೇಲೆ ನೀರೆರಚಿದರೆ ಇನ್ನಷ್ಟು ಸೀಳುತ್ತದೆ. ಡಿಗ್ರಿ ಲೆಕ್ಕ ಗೊತ್ತಿಲ್ಲದ ಜನ ಈ ಗುಟ್ಟನ್ನು ಹಿಡಿದಿದ್ದರು. ಒಲೆಯ ಗುಂಡು ಯಾಕೆ ಸಿಡಿಯುತ್ತೆ ಎಂದು ದಿನಾ ಕಂಡವರಿಗೆ ಇದು ಹೊಳೆಯದೆ ಇರುತ್ತಾ?

ಆದರೆ ಅಷ್ಟು ಆಳದ ಇಕ್ಕಟ್ಟಿನಲ್ಲಿ ಬೆಂಕಿ ಅಂದರೆ ಸುಮ್ಮನೆ ಅಲ್ಲ. ಹೊಗೆ ಹೋಗೋದಕ್ಕೆ ದಾರಿ ಬೇಕು, ಗಾಳಿ ಬರೋದಕ್ಕೆ ಇನ್ನೊಂದು ದಾರಿ ಬೇಕು. ಬೆಂಕಿ ಹಾಕಿದವರು ಹೊರಗೆ ಬಂದು ಹೊಗೆ ಇಳಿಯುವ ತನಕ ಕಾಯಬೇಕು. ಆತುರಪಟ್ಟು ಇಳಿದವನಿಗೆ ಉಸಿರು ಕಟ್ಟುತ್ತೆ. ಕಾದ ಚಾವಣಿಯಿಂದ ಚಕ್ಕೆ ಯಾವಾಗ ಕಳಚಿ ಬೀಳುತ್ತೋ ಹೇಳುವಂತಿಲ್ಲ. ಮೇಲಿನಿಂದ ಸೌದೆ ಇಳಿಸಬೇಕು, ನೀರು ಇಳಿಸಬೇಕು, ಕೆಳಗಿನಿಂದ ಕಲ್ಲು ಏರಿಸಬೇಕು, ಊಟೆಯ ನೀರನ್ನು ಎತ್ತಿ ಚೆಲ್ಲಬೇಕು. ಇದನ್ನು 'ಕೂಲಿ ಕೆಲಸ' ಎಂದು ಬರೆದವರು ಒಂದು ದಿನ ಉಳಿ ಹಿಡಿದು ಇಳಿಯಬೇಕಿತ್ತು.

ಇದು ಕಟ್ಟುಕತೆಯಲ್ಲ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಹಟ್ಟಿಗೆ ಹೋಗಿ. ಅಲ್ಲಿ ಕಂಪನಿಯ ಎಂಜಿನಿಯರುಗಳು ಗಣಿ ಮತ್ತೆ ತೆರೆದಾಗ ಅವರಿಗಿಂತ ಮೊದಲೇ ಯಾರೋ 640 ಅಡಿ ಆಳದವರೆಗೆ ಅಗೆದು ಹೋಗಿದ್ದು ಕಂಡುಬಂತು. ಕುತುಬ್ ಮಿನಾರನ್ನು ತಲೆಕೆಳಗಾಗಿ ಇಳಿಸಿದರೆ ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಹಳೆಯ ಅಗೆತದೊಳಗೆ ಸಿಕ್ಕ ಮರದ ಆಸರೆಗಳನ್ನು ಇಂಗಾಲದ ಕಾಲಗಣನೆಗೆ ಒಳಪಡಿಸಿದಾಗ ಅವು ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಹಳೆಯವೆಂದು ತಿಳಿಯಿತು. ಬೆಂಕಿಯಿಂದ ಕಲ್ಲು ಸೀಳಿದ ಗುರುತು ಉಂಟು. ಮೇಲೆ ಬಂಡೆಗಳಲ್ಲಿ ಒರಳಿನಂತೆ ಸವೆದ ಗುಳಿಗಳಿವೆ. ಅಲ್ಲೇ ಕೂತು ಕಲ್ಲು ಕುಟ್ಟಿದ್ದು. ಕುಟ್ಟಿ ಕುಟ್ಟಿ ಬಂಡೆ ಗುಳಿ ಬೀಳಬೇಕಾದರೆ ಎಷ್ಟು ತಲೆಮಾರು ಕೂತಿರಬೇಕು! ಪ್ರಾಚೀನ ಇಂಡಿಯಾದ ಚಿನ್ನದ ಗಣಿಗಾರಿಕೆ ಬಗ್ಗೆ 1962ರಲ್ಲಿ ಆಲ್ಚಿನ್ ಎಂಬ ವಿದ್ವಾಂಸ ದೊಡ್ಡ ಲೇಖನವನ್ನೇ ಬರೆದ. ನಮ್ಮ ಕನ್ನಡ ಪಠ್ಯಪುಸ್ತಕಗಳಿಗೆ ಅದು ಬಂದದ್ದನ್ನು ನಾವು ಕಂಡಿಲ್ಲ.

ಈ ಸೀಮೆಯಲ್ಲೇ ಮಸ್ಕಿ. 1915ರಲ್ಲಿ ನಿಜಾಮ ಸರ್ಕಾರದ ಗಣಿ ಎಂಜಿನಿಯರ್ ಬೀಡನ್ ಚಿನ್ನ ಹುಡುಕುತ್ತ ಹೋದವನು ಅಶೋಕನ ಶಾಸನ ಕಂಡ. ಅಶೋಕ ಎಂಬ ಹೆಸರೇ ಬಿಡಿಸಿ ಬರೆದಿದ್ದ ಮೊದಲ ಶಾಸನ ಅದು ಎಂದು ಎಲ್ಲರೂ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಅದರಲ್ಲಿ ಇನ್ನೊಂದು ಮಾತೂ ಇದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬ ಅರ್ಥದ್ದು. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರದ ಹೆಸರು ಸುವರ್ಣಗಿರಿ. ಚಿನ್ನದ ನೆಲದ ನಡುವೆ ಕೆತ್ತಿಸಿದ ಈ ಮಾತು ಅಲ್ಲಿನ ಸಣ್ಣವರ ಕಿವಿಗೆ ಬಿದ್ದಾಗ ಅವರು ಏನಂದುಕೊಂಡಿರಬಹುದು?

ಯಾಕೆಂದರೆ ಆಳುವವರ ಇನ್ನೊಂದು ಪುಸ್ತಕದ ಮಾತು ಬೇರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಗಳಿಗೆಂದೇ ಒಬ್ಬ ಅಧ್ಯಕ್ಷ ಇದ್ದಾನೆ. ಹಳೆಯ ಗಣಿಯನ್ನು ಹುಡುಕುವುದು ಹೇಗೆ? ಕಿಟ್ಟ, ಮೂಸೆ, ಇದ್ದಿಲು, ಬೂದಿ ಬಿದ್ದಿರುವ ಜಾಗ ನೋಡು ಎಂದು ಅದು ಹೇಳುತ್ತದೆ. ಅಂದರೆ ಆ ಅಧ್ಯಕ್ಷನಿಗಿಂತ ಮೊದಲೇ ಅಲ್ಲಿ ಯಾರೋ ದುಡಿದಿದ್ದಾರೆ; ಅವರು ಬಿಟ್ಟುಹೋದ ಬೂದಿಯೇ ಅಧಿಕಾರಿಗೆ ದಾರಿದೀಪ. ಮತ್ತೆ, ಅಪ್ಪಣೆ ಇಲ್ಲದೆ ಗಣಿಯಿಂದ ಬದುಕುವವನನ್ನು ಹಿಡಿದು ಕಟ್ಟಿಹಾಕಿ ಕೆಲಸ ಮಾಡಿಸು ಎನ್ನುತ್ತದೆ ಅದೇ ಅಧ್ಯಾಯ. ಬೆಟ್ಟದ ಕಲ್ಲು ಒಡೆದು ತಿನ್ನುತ್ತಿದ್ದವನು ಒಂದು ದಿನ ಕಳ್ಳನಾಗಿಬಿಟ್ಟ. ಶಿಕ್ಷೆ ಏನಪ್ಪ ಅಂದರೆ, ಅದೇ ಬೆಟ್ಟದ ಅದೇ ಕಲ್ಲನ್ನು ಈಗ ರಾಜನಿಗೆ ಒಡೆಯೋದು.

ಗ್ರೀಕರಂತೂ ಇಂಡಿಯಾದಲ್ಲಿ ಚಿನ್ನ ಅಗೆಯೋದು ಇರುವೆಗಳು ಅಂತ ಬರೆದುಬಿಟ್ಟರು. ನಾಯಿಗಿಂತ ಚಿಕ್ಕದು, ನರಿಗಿಂತ ದೊಡ್ಡದು ಆ ಇರುವೆ ಎಂದು ಹೆರೊಡೋಟಸ್ ಅಳತೆಯನ್ನೂ ಕೊಟ್ಟಿದ್ದಾನೆ. ಅವನು ಹೇಳಿದ್ದು ವಾಯವ್ಯದ ಮರಳುಗಾಡಿನ ಕಡೆಯ ಮಾತು, ನಮ್ಮ ಹಟ್ಟಿಯದಲ್ಲ. ಇರಲಿ. ನೆಲ ಅಗೆಯುವವರನ್ನು ಮನುಷ್ಯರೆಂದು ಒಪ್ಪೋದಕ್ಕಿಂತ ಇರುವೆಯೆಂದು ನಂಬೋದು ಎಲ್ಲ ಕಾಲಕ್ಕೂ ಸುಲಭ ಅಂತ ಕಾಣುತ್ತೆ.

ಈಗ ಕೋಲಾರಕ್ಕೆ ಬರೋಣ. ಟಿಪ್ಪು ಸತ್ತು ಮೂರು ವರ್ಷಕ್ಕೆ, 1802ರಲ್ಲಿ, ಜಾನ್ ವಾರೆನ್ ಎಂಬ ಲೆಫ್ಟಿನೆಂಟ್ ಮೈಸೂರು ಸೀಮೆಯ ಮೂಡಣ ಗಡಿ ಅಳೆಯುತ್ತ ಬಂದ. ಇಲ್ಲಿ ಚಿನ್ನ ಸಿಗುತ್ತೆ ಎಂಬ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಎಂದು ಸಾರಿದ. ಹಳ್ಳಿಯವರು ಬಂಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಪುಡಿ ತೋರಿಸಿದರು. ಆಮೇಲೆ ಅವನು ಮಾರಿಕುಪ್ಪಂಗೆ ಹೋದ. ಅಲ್ಲಿ ಬೆಣಚುಕಲ್ಲಿಗಾಗಿ ತೋಡಿದ ಗುಂಡಿಗಳಿದ್ದವು. ಒಂದು ಮೂವತ್ತು ಅಡಿ ಆಳ, ಇನ್ನೊಂದು ನಲವತ್ತೈದು ಅಡಿ. ಅಗೆಯುತ್ತಿದ್ದವರು ಪರೆಯರು. ಗುಂಡಿಯೊಳಗೆ ಹಂತ ಹಂತಕ್ಕೆ ಆಳು ನಿಂತು, ಕೆಳಗಿನಿಂದ ಕಲ್ಲಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ ಮೇಲಕ್ಕೆ ತರುತ್ತಿದ್ದರು. ಮೇಲೆ ಹೆಂಗಸರು ಆ ಕಲ್ಲನ್ನು ದೊಡ್ಡ ಬಂಡೆಯ ಮೇಲೆ ಹಾಕಿ ಪುಡಿ ಮಾಡಿ, ಬಾವಿಯ ಹತ್ತಿರ ಒಯ್ದು ತೊಳೆದು ಚಿನ್ನ ಬೇರೆ ಮಾಡುತ್ತಿದ್ದರು.

ಈ ಚಿತ್ರವನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಹೊಗೆಯುಗುಳುವ ಯಂತ್ರ ಇಲ್ಲ, ಕಂಪನಿ ಇಲ್ಲ, ಷೇರು ಇಲ್ಲ. ಇಡೀ ಗಣಿಯೇ ಇಲ್ಲಿದೆ: ಎಳೆ ಗುರುತಿಸುವುದು, ಬಿಡಿಸುವುದು, ಎತ್ತುವುದು, ಕುಟ್ಟುವುದು, ಜಾಲಿಸುವುದು. ಅಪ್ಪ ಗುಂಡಿಯಲ್ಲಿ, ಅವ್ವ ಬಂಡೆಯ ಹತ್ತಿರ. ಊರಿನ ಬಾವಿ ಮುಟ್ಟುವ ಹಾಗಿಲ್ಲದ ಜನ ಬಾವಿ ಹತ್ತಿರ ಕೂತು ತೊಳೆದ ಚಿನ್ನ, ಅದು ಮಾತ್ರ ಮೈಲಿಗೆ ಆಗಲಿಲ್ಲ. ಗರ್ಭಗುಡಿಗೇ ಹೋಯಿತು. ಗದಗದ ಕಡೆ ಕಪ್ಪತಗುಡ್ಡದ ಹಳ್ಳಗಳಲ್ಲೂ ಹೀಗೆ ಮರಳು ತೊಳೆದು ಚಿನ್ನ ತೆಗೆಯುವವರಿದ್ದರು, ಜಾಲಗಾರರು ಎಂದೇ ಅವರ ಹೆಸರು. ಕೆಲಸವೇ ಜಾತಿಯ ಹೆಸರಾಗಿತ್ತು, ಆದರೆ ತೊಳೆದ ಚಿನ್ನ ಅವರ ಮನೆಯಲ್ಲಿ ಉಳಿಯಲಿಲ್ಲ.

ವಾರೆನ್ ವರದಿ ಕೊಟ್ಟ ಮೇಲೆ ಐವತ್ತು ವರ್ಷ ಬಿಳಿಯರು ಬಂದರು, ಹೋದರು, ಏನೂ ದಕ್ಕಲಿಲ್ಲ. ಹಳೆಯ ಗುಂಡಿಗಳು ಕುಸಿದು ಜನ ಸತ್ತರು ಎಂದು 1859ರಲ್ಲಿ ನೆಲದಡಿಯ ಅಗೆತವನ್ನೇ ಸರ್ಕಾರ ನಿಷೇಧಿಸಿತು. ಜನರ ಪ್ರಾಣದ ಮೇಲೆ ಎಂಥ ಕಾಳಜಿ ಅಂತ ಮೆಚ್ಚಬೇಕು. ಆದರೆ ಹದಿನಾರೇ ವರ್ಷಕ್ಕೆ, 1875ರಲ್ಲಿ, ಅದೇ ನೆಲ ಮೈಕಲ್ ಲ್ಯಾವೆಲ್ಲೆ ಎಂಬ ನಿವೃತ್ತ ಸಿಪಾಯಿಗೆ ಇಪ್ಪತ್ತು ವರ್ಷದ ಗುತ್ತಿಗೆಗೆ ಹೋಯಿತು. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ಮೇಲೆ ಯುದ್ಧ ಮಾಡಿ ಬಂದವನು, ವಾರೆನ್ನನ ಹಳೆಯ ವರದಿ ಓದಿ ಎತ್ತಿನ ಗಾಡಿ ಹತ್ತಿ ಕೋಲಾರಕ್ಕೆ ಹೋದವನು. ಕೌಟಿಲ್ಯನ ಅಧ್ಯಾಯ ನೆನಪಿಗೆ ಬರುತ್ತೆ ಅಲ್ವಾ? ಅಪ್ಪಣೆ ಇಲ್ಲದವನು ಕಳ್ಳ. ಅಪ್ಪಣೆ ಯಾರಿಗೆ ಸಿಗುತ್ತೆ ಅನ್ನೋದರಲ್ಲೇ ಇದೆ ಎಲ್ಲ.

ಲ್ಯಾವೆಲ್ಲೆ ಗುತ್ತಿಗೆ ಮಾರಿದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು. ಮೊದಲ ವರ್ಷಗಳಲ್ಲಿ ಅವರ ದುಡ್ಡೆಲ್ಲ ಕಲ್ಲಿನಲ್ಲಿ ಕರಗಿಹೋಗಿ ಕಂಪನಿ ಮುಚ್ಚುವ ಸ್ಥಿತಿಗೆ ಬಂದಿತ್ತು. ಆಗ ಮೈಸೂರು ಗಣಿಯ ಕ್ಯಾಪ್ಟನ್ ಪ್ಲಮರ್ ಹಳೆಯ ಜನ ಅಗೆದು ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಅವುಗಳ ಕೆಳಕ್ಕೆ ಇಳಿದ. 1880ರ ದಶಕದ ನಡುವಿನಲ್ಲಿ ಚಾಂಪಿಯನ್ ಎಳೆ ಸಿಕ್ಕಿತು, ಲೋಕವೆಲ್ಲ ಸುದ್ದಿಯಾಯಿತು. ಇದನ್ನೇ 'ಪತ್ತೆ' ಅನ್ನುತ್ತಾರೆ. ಎಳೆಯ ಮೇಲ್ಭಾಗವನ್ನೆಲ್ಲ ಉಳಿ, ಬೆಂಕಿಯಿಂದ ತೆಗೆದು ಮುಗಿಸಿ, ಇನ್ನು ನೀರು ಎತ್ತಲಾರೆವು ಎಂದಾದ ಕಡೆ ಬಿಟ್ಟುಹೋದವರು ಪತ್ತೆ ಮಾಡಿದವರಲ್ಲ. ಅವರು ನಿಲ್ಲಿಸಿದ ಕಡೆಯಿಂದ ಉಗಿಯಂತ್ರ ಇಟ್ಟು ಶುರುಮಾಡಿದವನು ಪತ್ತೆ ಮಾಡಿದವನು! ಬೆಂಗಳೂರಿನಲ್ಲಿ ಲ್ಯಾವೆಲ್ಲೆ ರಸ್ತೆ ಇದೆ. ಕೆಜಿಎಫ್‌ನಲ್ಲಿ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಇವೆ. ಮಾರಿಕುಪ್ಪಂನ ಬಂಡೆಯ ಮೇಲೆ ಕಲ್ಲು ಕುಟ್ಟಿದ ಹೆಂಗಸರ ಹೆಸರಿನಲ್ಲಿ ಒಂದು ಗಲ್ಲಿಯೂ ಇಲ್ಲ.

ಕುಟ್ಟುವ ಕೆಲಸವನ್ನು ಸ್ಟಾಂಪು ಗಿರಣಿ ಕಿತ್ತುಕೊಂಡಿತು. ಆದರೆ ಎಳೆಯನ್ನು ಬಿಡಿಸುವ ಕೆಲಸ ಬಹಳ ಕಾಲ ಕೈಯಲ್ಲೇ ಉಳಿಯಿತು. ಬೆಂಕಿಯ ಜಾಗಕ್ಕೆ ಸಿಡಿಮದ್ದು ಬಂತು, ಅಷ್ಟೇ. ಮದ್ದು ತುಂಬೋದಕ್ಕೆ ತೂತು ಬೇಕು. ಒಬ್ಬ ಉಕ್ಕಿನ ಸರಳು ಹಿಡಿದು ಪ್ರತಿ ಏಟಿಗೂ ಒಂದಿಷ್ಟು ತಿರುಗಿಸಬೇಕು, ಇನ್ನೊಬ್ಬ ಸುತ್ತಿಗೆ ಹೊಡೆಯಬೇಕು. ಏಟು ತಪ್ಪಿದರೆ ಹಿಡಿದವನ ಮುಂಗೈ ಹೋಯಿತು. ಈ ಕೆಲಸಕ್ಕೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದವರಲ್ಲಿ ಬಹುಪಾಲು ದಲಿತರು. ಊರಿನ ಜಮೀನ್ದಾರನ ಜೀತಕ್ಕಿಂತ ನೆಲದೊಳಗಿನ ಕತ್ತಲೆ ವಾಸಿ ಎಂದು ಬಂದವರು. ಬಿದಿರ ತಟ್ಟಿಯ ಗುಡಿಸಲುಗಳಲ್ಲಿ ಇದ್ದರು. ಗಣಿಯ ಕಲ್ಲಿನ ಚೂರು ಮಡಿಲಲ್ಲಿ ಸಿಕ್ಕರೆ ಕಳ್ಳತನದ ಮೊಕದ್ದಮೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಈ ಜನ ತಲೆ ತಗ್ಗಿಸಿಕೊಂಡು ಕಲ್ಲು ಒಡೆದುಕೊಂಡೇ ಇರಲಿಲ್ಲ. ಪಂಡಿತ ಅಯೋತಿ ದಾಸರ ಬೌದ್ಧ ಚಳವಳಿ 20ನೆಯ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂಗೆ ಬಂದು ಬೇರುಬಿಟ್ಟಿತು. ಅಂಬೇಡ್ಕರರು ನಾಗಪುರದಲ್ಲಿ ದೀಕ್ಷೆ ತೆಗೆದುಕೊಳ್ಳುವುದಕ್ಕೆ ಐವತ್ತು ವರ್ಷ ಮೊದಲಿನ ಮಾತಿದು. 1930ರಲ್ಲಿ ಕಂಪನಿ ಎಲ್ಲ ಕೆಲಸಗಾರರ ಬೆರಳಚ್ಚು ತೆಗೆದುಕೊಂಡು ನೋಂದಣಿ ಮಾಡಲು ಹೊರಟಾಗ ಸಾವಿರಾರು ಜನ ಮೂರು ವಾರ ಕೆಲಸ ನಿಲ್ಲಿಸಿದರು. ಬೆರಳಚ್ಚು ಕಳ್ಳರದು, ನಮ್ಮದಲ್ಲ ಎಂಬುದು ಆ ಹಟದ ಒಳಗಿದ್ದ ಮಾನ. ಎರಡು ಸಾವಿರ ವರ್ಷ ಕಳ್ಳ ಅನ್ನಿಸಿಕೊಂಡವರು ಹೀಗೆ ಎದ್ದುನಿಂತದ್ದೂ ಚಿನ್ನದ ಚರಿತ್ರೆಯೇ.

ಇನ್ನು ಧೂಳಿನ ಮಾತು. ಬೆಣಚುಕಲ್ಲನ್ನು ಒಣಗಿದಾಗ ಕೊರೆದರೂ ಕುಟ್ಟಿದರೂ ಕಣ್ಣಿಗೆ ಕಾಣದ ನುಣುಪು ಧೂಳು ಏಳುತ್ತದೆ. ಉಸಿರಿನ ಜೊತೆ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಮೈ ಅದನ್ನು ಅರಗಿಸಲಾರದು, ಹೊರಗೂ ಹಾಕಲಾರದು. ಅದರ ಸುತ್ತ ಗಾಯದ ಗಂಟು ಕಟ್ಟುತ್ತಾ ಹೋಗುತ್ತದೆ. ಗಂಟು ಹೆಚ್ಚಿದಂತೆ ಉಸಿರಿಗೆ ಜಾಗ ಕಡಿಮೆ. ಕ್ಷಯ ಬಂದು ಸೇರಿಕೊಳ್ಳೋದೂ ಸುಲಭ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಬೆಳೆಯುವ ಕಾಯಿಲೆ, ಇದಕ್ಕೆ ವಾಸಿ ಮಾಡುವ ಔಷಧಿ ಇಲ್ಲ. 1940ರ ದಶಕದಲ್ಲಿ ಕೋಲಾರದ ಗಣಿಗಳ 7,653 ಕೆಲಸಗಾರರನ್ನು ಪರೀಕ್ಷೆ ಮಾಡಿದರು. ಶೇಕಡಾ 43.7 ಮಂದಿಗೆ ಸಿಲಿಕೋಸಿಸ್ ಇತ್ತು. ನೂರರಲ್ಲಿ ನಲವತ್ತಮೂರು! ಇದು ಎಕ್ಸ್‌ರೇ ಯಂತ್ರ ಬಂದ ಮೇಲೆ ಎಣಿಸಿದ್ದು. ಹಟ್ಟಿಯ ಬಂಡೆಯಲ್ಲಿ ಒರಳು ಗುಳಿ ಬೀಳುವಷ್ಟು ಕಾಲ ಕುಟ್ಟಿದವರ, ಮಾರಿಕುಪ್ಪಂನ ಬಂಡೆಯ ಮೇಲೆ ಬಗ್ಗಿ ಕೂತ ತಾಯಂದಿರ ಎದೆಯನ್ನು ಯಾರೂ ಎಣಿಸಿಲ್ಲ. ಕೆಮ್ಮಿ ಕೆಮ್ಮಿ ಸತ್ತಾಗ ದೇವರ ಕಾಟ, ಕರ್ಮ ಎಂದು ಪೂಜಾರಿ ಹೇಳಿರಬೇಕು. ಕಲ್ಲಿನ ಹೆಸರು ಹೇಳಿರಲಾರ.

ಹಳ್ಳಿ ಶಾಲೆಗಳ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಬಹುದು. ಮಕ್ಕಳ ಕೈಗೆ ಹೊಲದ ಬೆಣಚುಕಲ್ಲೊಂದನ್ನು ಕೊಟ್ಟು, ಉಳಿ ಸುತ್ತಿಗೆಯಿಂದ ಒಂದು ಚಕ್ಕೆ ತೆಗೆಯೋದಕ್ಕೆ ಎಷ್ಟು ಏಟು ಬೇಕು ಎಂದು ದೊಡ್ಡವರೇ ಹೊಡೆದು ಎಣಿಸಿ ತೋರಿಸಿ. ಕಣ್ಣಿಗೆ ಚೂರು ಸಿಡಿಯದ ಹಾಗೆ ಮಕ್ಕಳು ದೂರ ನಿಲ್ಲಲಿ. ಆಮೇಲೆ ಮೌರ್ಯರ ಪಾಠ, ವಿಜಯನಗರದ ವರಹದ ಪಾಠ ಶುರುಮಾಡಿ. ನಮ್ಮ ಊರುಗಳ ಕ್ವಾರಿಗಳಲ್ಲಿ, ಕಲ್ಲುಪುಡಿ ಗಿರಣಿಗಳಲ್ಲಿ ಇವತ್ತಿಗೂ ಬಾಯಿಗೆ ಟವೆಲ್ಲು ಸುತ್ತಿಕೊಂಡು ನಿಂತಿರುವ ಅಪ್ಪಂದಿರ ಮಕ್ಕಳು ಅದೇ ತರಗತಿಯಲ್ಲಿ ಕೂತಿರ್ತಾರೆ. ಬಟ್ಟೆ ಈ ಧೂಳನ್ನು ತಡೆಯಲ್ಲ ಅನ್ನೋದನ್ನೂ ಹೇಳಿ. ನೀರು ಹಾಕಿ ಕೊರೆದರೆ ಧೂಳು ಬಹಳಷ್ಟು ತಗ್ಗುತ್ತೆ, ಮಾಲೀಕನಿಗೆ ಒಂದಿಷ್ಟು ಖರ್ಚು ಬೀಳುತ್ತೆ, ಅದಕ್ಕೇ ಹಾಕೋದಿಲ್ಲ ಅನ್ನೋದನ್ನೂ ಹೇಳಿ.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಬಾವಿಗಳಿಗೆ ನೀರು ತುಂಬಿಕೊಂಡಿತು. ಚಿನ್ನ ಯಾವ ಯಾವ ದೇಶಕ್ಕೋ ಹೋಯಿತು. ಕುಟ್ಟಿ ಪುಡಿ ಮಾಡಿ, ಸೈನೈಡಿನಲ್ಲಿ ತೊಳೆದು ಬಿಸಾಕಿದ ಬೆಣಚು ಮಾತ್ರ ಊರಿನಲ್ಲೇ ಉಳಿದಿದೆ. ಗುಡ್ಡ ಗುಡ್ಡವಾಗಿ ಬಿದ್ದಿದೆ, ಜನ ಅದನ್ನು ಸೈನೈಡ್ ಗುಡ್ಡ ಅನ್ನುತ್ತಾರೆ. ಬೇಸಿಗೆಯಲ್ಲಿ ಗಾಳಿ ಎದ್ದಾಗ ಆ ಪುಡಿ ಹಾರಿ ಬಂದು ಗಣಿ ಕೆಲಸಗಾರರ ಲೈನು ಮನೆಗಳ ಹೆಂಚಿನ ಮೇಲೆ, ನೀರಿನ ಬಿಂದಿಗೆಯ ಮೇಲೆ ಕೂರುತ್ತದೆ.